ಹೆಮ್ಮರಗಾಲದ ಷರಾ

ಆ ಯೋಜನೆಗೆ ಸೇರಿದಾಗ ನನಗೆ ಸಿಕ್ಕ ಹುದ್ದೆಯ ಹೆಸರು ಕ್ಷೇತ್ರ ಸಹಾಯಕಿ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ, ಎರಡು ಖಾಸಗಿ ಕಾಲೇಜುಗಳಲ್ಲಿ ಪಾಠ ಹೇಳಿ ಸಾಕಾಗಿ, ನಂಜನಗೂಡಿನ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ದೂರದ ಊರಿನ ಒಂದು ಸಂಶೋಧನಾ ಸಂಸ್ಥೆಗೆ ಸರ್ಕಾರದ ಅನುದಾನ ಬಂದಿತ್ತು. ಬೇಸಿಗೆ ಮೊದಲಿನಂತಿಲ್ಲ, ಮಳೆಯ ಹದ ತಪ್ಪಿದೆ, ಇದರಿಂದ ರೇಷ್ಮೆ ಹುಳುವಿಗೆ ಏನಾಗುತ್ತಿದೆ ಎಂಬುದನ್ನು ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕಿನ ಹುಳುಮನೆಗಳಲ್ಲಿ ಮೂರು ವರ್ಷ ಅಳೆದು ನೋಡಬೇಕಿತ್ತು. ನನ್ನ ಹತ್ತಿರ ಸ್ಕೂಟರ್ ಇತ್ತು, ಎರಡೂ ತಾಲ್ಲೂಕಿನ ದಾರಿಗಳು ಗೊತ್ತಿದ್ದವು. ಸಂದರ್ಶನದಲ್ಲಿ ಕೇಳಿದ್ದೂ ಇವೆರಡನ್ನೇ.

ಹುಳು ಸಾಕುವ ಮನೆಗಳಿಗೆ ಹೋಗಿ, ಬಿಸಿಯನ್ನೂ ತೇವವನ್ನೂ ತೋರಿಸುವ ಅಂಗೈಯಗಲದ ಒಂದು ಯಂತ್ರವನ್ನು ಗೋಡೆಗೆ ತಗುಲಿಹಾಕಿ ಬರುವುದು ನನ್ನ ಕೆಲಸ. ಮನೆಯವರು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅದರ ಅಂಕಿಯನ್ನು ನಾವು ಕೊಟ್ಟ ಪುಸ್ತಕದಲ್ಲಿ ಬರೆದಿಡಬೇಕು. ನಾನು ಹದಿನೈದು ದಿನಕ್ಕೊಮ್ಮೆ ಹೋಗಿ ಪುಸ್ತಕದ ಫೋಟೋ ತೆಗೆದುಕೊಂಡು ಬರಬೇಕು. ಹಳ್ಳಿಯವರು ಆ ಯಂತ್ರವನ್ನು ಮೀಟ್ರು ಅಂದರು. ನಾನೂ ಹಾಗೇ ಅನ್ನತೊಡಗಿದೆ.

ಹೆಚ್ಚಿನ ಮನೆಗಳಲ್ಲಿ ಮೊದಲ ತಿಂಗಳು ಸರಿಯಾಗಿ ಬರೆದರು. ಆಮೇಲೆ ನಾನು ಬರುವ ಹಿಂದಿನ ದಿನ ಕೂತು ಹದಿನೈದು ದಿನದ್ದನ್ನೂ ಒಟ್ಟಿಗೆ ತುಂಬಿಸಿದರು. ಅದು ಗೊತ್ತಾಗುತ್ತಿತ್ತು, ಒಂದೇ ಪೆನ್ನು, ಒಂದೇ ಓಟದ ಅಕ್ಷರ. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಹುಳು ಸೊಪ್ಪಿಗೆ ಬಾಯಿ ಹಾಕುವ ದಿನಗಳಲ್ಲಿ ಮನೆಯವರಿಗೆ ಅನ್ನ ತಿನ್ನಲು ಪುರಸೊತ್ತಿರುವುದಿಲ್ಲ.

ಹೆಮ್ಮರಗಾಲದ ಅಕ್ಕ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಐವತ್ತರ ಆಸುಪಾಸಿನ ಹೆಂಗಸು. ಗಂಡ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕಾವಲಿನ ಕೆಲಸಕ್ಕೆ ಹೋಗುತ್ತಿದ್ದ. ತುಂಡು ಹೊಲದಲ್ಲಿ ಹಿಪ್ಪುನೇರಳೆ ಹಾಕಿ ಹುಳು ಸಾಕುವುದೆಲ್ಲ ಆಕೆಯದೇ. ಶೀಟು ಹೊದಿಸಿದ ಹುಳುಮನೆ, ಬಾಗಿಲ ಮೇಲೆ ಬುದ್ಧನ ಚಿತ್ರ, ಒಳಗೆ ಹೋಗುವ ಮುಂಚೆ ಕಾಲು ತೊಳೆಯಲೇಬೇಕು. ನಾನು ಮೊದಲ ದಿನ ಚಪ್ಪಲಿಯಲ್ಲಿ ಹೊಸ್ತಿಲು ದಾಟಿದ್ದಕ್ಕೆ ಹೊರಗೆ ಕಳಿಸಿ, ಸುಣ್ಣದ ಪುಡಿ ಮೆಟ್ಟಿಸಿ ಮತ್ತೆ ಒಳಗೆ ಬಿಟ್ಟಿದ್ದಳು. ಏಳನೇ ತರಗತಿಗೆ ಶಾಲೆ ಬಿಟ್ಟವಳು. ಅಕ್ಷರ ದಪ್ಪ, ಒಂದೊಂದೂ ಬಿಡಿ ಬಿಡಿ.

ನಾವು ಕೊಟ್ಟ ಪುಸ್ತಕದಲ್ಲಿ ತಾರೀಕು, ಹೊತ್ತು, ಬಿಸಿ, ತೇವ ಎಂದು ನಾಲ್ಕು ಕಾಲಂ ಅಚ್ಚಾಗಿದ್ದವು, ಅವೂ ಇಂಗ್ಲಿಷಿನಲ್ಲಿ. ಎರಡನೇ ಸಲ ಹೋದಾಗ ಅವಳು ಪುಸ್ತಕ ಬಿಚ್ಚಿ ಕೇಳಿದಳು.

“ಅಲ್ಲ ಮೇಡಮ್ಮ, ಬರೇ ನಂಬರ್ ಬರುದ್ರೆ ಸಾಕಾ? ಉಳ ಏನ್ ಮಾಡ್ತಾ ಅವೆ ಅಂತ ಬರೀಬ್ಯಾಡ್ವಾ?”

ಅದಕ್ಕೆ ಜಾಗ ಇಲ್ಲವಲ್ಲ ಅಂದೆ.

“ಸರ್ಕಾರ್ದೋರ ಯಾವ್ ಫಾರಂ ತಗಂಡ್ರೂ ಕೊನೇಲಿ ಷರಾ ಅಂತ ಒಂದ್ ಮನೆ ಇರ್ತದೆ. ಇದ್ರಲ್ಲಿ ಬುಟ್ಬುಟ್ಟವ್ರೆ,” ಅಂದು, ಒಳಗಿನಿಂದ ಸ್ಕೇಲು ತಂದು, ಬಲಗಡೆಯ ಖಾಲಿ ಜಾಗದಲ್ಲಿ ನೆಟ್ಟಗೆ ಒಂದು ಗೆರೆ ಎಳೆದು, ಮೇಲೆ ಷರಾ ಎಂದು ಬರೆದಳು. ಆಮೇಲೆ ಪ್ರತಿ ಪುಟದಲ್ಲೂ ಹಾಗೇ.

ಆ ಷರಾದಲ್ಲಿ ಏನೆಲ್ಲ ಇರುತ್ತಿತ್ತು. ಗಾಳಿ ಇಲ್ಲ, ಮೋಡ ಕವಿದಿದೆ. ಮೂರನೇ ಜ್ವರಕ್ಕೆ ಕೂತಿವೆ. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಸುಮ್ಮನಿರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಪಡುವಣ ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಇವತ್ತು ಗೋಣಿ ನೆನೆಸಿ ಕಿಟಕಿಗೆ ಕಟ್ಟಿದೆ, ಹುಳು ಗೆಲುವಾದವು. ಇನ್ನೊಂದು ದಿನ, ಗೋಣಿ ಕಟ್ಟಿದೆ, ಹುಳು ಸೊಪ್ಪು ಹತ್ತದೆ ಬಿದ್ದಿವೆ, ಬಿಚ್ಚಿಹಾಕಿದೆ.

ತಿಂಗಳ ಕೊನೆಯಲ್ಲಿ ನಾನು ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿ ಸಂಸ್ಥೆಗೆ ಕಳಿಸಬೇಕಿತ್ತು. ಅವರು ಕೊಟ್ಟ ತಖ್ತೆಯಲ್ಲಿ ಷರಾಕ್ಕೆ ಜಾಗವಿರಲಿಲ್ಲ. ಎರಡು ತಿಂಗಳು ಬಿಟ್ಟೆ. ಆಮೇಲೆ ಮನಸ್ಸು ತಡೆಯದೆ ಅವಳ ಷರಾವನ್ನೆಲ್ಲ ಬೇರೆ ಫೈಲಿನಲ್ಲಿ ಬರೆದು ಜೊತೆಗೆ ಕಳಿಸತೊಡಗಿದೆ. ಯೋಜನೆಯ ಮುಖ್ಯಸ್ಥರಾಗಿದ್ದ ವಿಜ್ಞಾನಿ ಫೋನಿನಲ್ಲಿ, ಇದೆಲ್ಲ ಯಾಕಮ್ಮ, ಅಂಕಿ ಇದ್ದರೆ ಸಾಕು ಅಂದರು. ಬೈಯಲಿಲ್ಲ, ಕೆಟ್ಟವರೇನಲ್ಲ. ಅವರ ತಲೆಯ ಮೇಲೂ ನೂರೆಂಟು ಫೈಲು.

ಮೂರನೇ ವರ್ಷದ ಕೊನೆಗೆ ಅದೇ ವಿಜ್ಞಾನಿ ತಾವಾಗಿ ಫೋನ್ ಮಾಡಿದರು. ನೀನು ಕಳಿಸಿದ್ದ ಆ ಷರಾ ಫೈಲು ಪೂರ್ತಿ ಇದೆಯಾ ಅಂತ ಕೇಳಿದರು. ಅಂಕಿಗಳಲ್ಲಿ ಒಂದು ಗೋಜಲು ಬಿಡಿಸಲಾಗದೆ ಕೂತಿದ್ದರಂತೆ. ಬಿಸಿ ಒಂದೇ ಸಮ ಇದ್ದರೂ ಕೆಲವು ಮನೆಗಳಲ್ಲಿ ಬೆಳೆ ಚೆನ್ನಾಗಿ ಬಂದಿದೆ, ಕೆಲವು ಕಡೆ ಪೂರಾ ಹೋಗಿದೆ. ಅಕ್ಕನ ಷರಾ ಓದಿದ ಮೇಲೆ ಅವರು ಉಳಿದ ಮನೆಗಳಲ್ಲೂ ಎಂಥ ದಿನ ಗೋಣಿ ಕಟ್ಟಿದ್ದರೆಂದು ವಿಚಾರಿಸಲು ಹೇಳಿದರು. ಉತ್ತರ ಸಿಕ್ಕಿತು. ಒಣ ಬಿಸಿಲಿನ ದಿನ ಒದ್ದೆ ಗೋಣಿ ಕಟ್ಟಿದರೆ ಹುಳುವಿಗೆ ತಂಪು, ಒಳ್ಳೆಯದು. ಆದರೆ ಮಳೆಗೆ ಮುಂಚೆ ಮೋಡ ಕವಿದು, ಗಾಳಿ ನಿಂತು, ಮೈ ಅಂಟುವಂಥ ಸೆಕೆಯ ದಿನ ಅದೇ ಗೋಣಿ ಕಟ್ಟಿದರೆ ಮನೆಯೊಳಗೆ ತೇವ ಏರಿ, ಕೊನೆಯ ಜ್ವರ ದಾಟಿದ ಹುಳುವಿಗೆ ಸಪ್ಪೆ ರೋಗ ಬರುತ್ತದೆ. ಹಿಂದೆ ಅಂಥ ದಿನಗಳು ಮುಂಗಾರಿನ ಬಾಗಿಲಲ್ಲಿ ಬರುತ್ತಿದ್ದವು. ಈಗ ಶಿವರಾತ್ರಿ ಕಳೆಯುತ್ತಲೇ ನಡುನಡುವೆ ಬಂದು ಹೋಗುತ್ತಿವೆ. ನಮ್ಮ ಕಡೆ ಎಲ್ಲರ ಕೈಯಲ್ಲಿರುವ ಸರ್ಕಾರದ ಹಳೆಯ ಕರಪತ್ರದಲ್ಲಿ ಇರುವುದೋ ಒಂದೇ ಮಾತು. ಬಿಸಿ ಹೆಚ್ಚಾದರೆ ಗೋಣಿ ನೆನೆಸಿ ಕಟ್ಟಿ.

ನನಗೆ ಖುಷಿಯಾಯಿತು. ಮೂರು ವರ್ಷ ಧೂಳು ಕುಡಿದಿದ್ದು ಸಾರ್ಥಕ ಅಂದುಕೊಂಡೆ.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಯೋಜನೆ ಮುಗಿದ ಕೂಡಲೇ ಸಂಸ್ಥೆಯಿಂದ ಪತ್ರ ಬಂತು. ಮೀಟ್ರುಗಳು ದಾಸ್ತಾನು ಪುಸ್ತಕದಲ್ಲಿವೆ, ಅಂಕಿ ಬರೆದ ಪುಸ್ತಕಗಳ ಸಮೇತ ಎಲ್ಲವನ್ನೂ ವಾಪಸು ತಂದುಕೊಡಬೇಕು. ಮನೆ ಮನೆಗೆ ಹೋಗಿ ಗೋಡೆಯಿಂದ ಬಿಚ್ಚಿಕೊಂಡು ಬಂದೆ. ಅಷ್ಟು ಹೊತ್ತಿಗೆ ಜನ ಅದನ್ನು ನೋಡಿಯೇ ಕಿಟಕಿ ತೆಗೆಯುವುದು ಮುಚ್ಚುವುದು ಮಾಡುತ್ತಿದ್ದರು. ಅಕ್ಕ ತಾನೇ ಬಿಚ್ಚಿ, ಸೆರಗಿನಲ್ಲಿ ಒರೆಸಿ ಕೊಟ್ಟಳು. ಪುಸ್ತಕದಲ್ಲಿ ಏನು ಸಿಕ್ಕಿತು ಅಂತ ಕೇಳಿದಳು. ದೊಡ್ಡ ವಿಷಯ ಸಿಕ್ಕಿದೆ ಅಕ್ಕ, ವರದಿ ಬಂದ ಮೇಲೆ ತಂದು ತೋರಿಸ್ತೀನಿ ಅಂದೆ. ಗೋಣಿಯ ವಿಷಯ ಅವಳಿಗೆ ಆಗಲೇ ಗೊತ್ತಿತ್ತಲ್ಲ, ಅವಳೇ ಬರೆದದ್ದು. ಉಳಿದವರಿಗೆ ವರದಿ ಬಂದ ಮೇಲೆ ಸರಿಯಾಗಿ ಹೇಳೋಣ ಅಂತ ನಾನೂ ಸುಮ್ಮನಾದೆ. ಆ ತಪ್ಪು ನನ್ನದು.

ಯೋಜನೆ ಮುಕ್ತಾಯದ ಸಭೆ ಮೈಸೂರಿನ ಒಂದು ಹೋಟೆಲಿನ ಹಾಲಿನಲ್ಲಿ ನಡೆಯಿತು. ರೈತರ ಪ್ರತಿನಿಧಿ ಬೇಕು ಎಂದು ಕೇಳಿದ್ದಕ್ಕೆ ಅಕ್ಕನನ್ನು ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಪರದೆಯ ಮೇಲೆ ಗ್ರಾಫುಗಳು ಬಂದು ಹೋದವು. ಎಲ್ಲ ಇಂಗ್ಲಿಷು. ಅವಳ ಷರಾದಿಂದ ಹೊರಟ ವಿಷಯವೂ ಒಂದು ನಿಮಿಷ ಪರದೆಯ ಮೇಲಿತ್ತು. ನಾನು ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳುವಷ್ಟರಲ್ಲಿ ಮುಂದಿನದು ಬಂತು. ಊಟದ ಮುಂಚೆ ಅವಳಿಗೆ ಶಾಲು ಹೊದಿಸಿ ಫೋಟೋ ತೆಗೆದರು. ಒಂದು ಕೈಚೀಲ ಕೊಟ್ಟರು. ಅದರಲ್ಲಿ ಪೆನ್ನು, ಬರೆಯುವ ಪ್ಯಾಡು, ನುಣುಪು ಕಾಗದದ ಇಂಗ್ಲಿಷ್ ಪುಸ್ತಿಕೆ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಪುಸ್ತಿಕೆಯ ಪುಟ ತಿರುವಿ, ಚಿತ್ರಗಳನ್ನು ನೋಡಿ, ಇದರಲ್ಲಿ ನಮ್ಮೂರ ಹೆಸರು ಎಲ್ಲಿದೆ ಅಂದಳು. ಹುಡುಕಿದೆ. ಸ್ಥಳೀಯ ರೈತರಿಗೆ ಕೃತಜ್ಞತೆ ಎಂದು ಕೊನೆಯಲ್ಲಿ ಒಂದು ಸಾಲಿತ್ತು. ಊರಿನ ಹೆಸರು ಇರಲಿಲ್ಲ.

ಕನ್ನಡದಲ್ಲಿ ಎರಡು ಪುಟ ಮಾಡಿ ಹಂಚೋಣ ಎಂದು ನಾನು ವಿಜ್ಞಾನಿಯನ್ನು ಕೇಳಿದೆ. ಖಂಡಿತ ಮಾಡೋಣ, ಆದರೆ ಈಗಲ್ಲ ಅಂದರು. ಪ್ರಬಂಧ ಪತ್ರಿಕೆಗೆ ಹೋಗಿದೆ, ಅದು ಅಚ್ಚಾಗುವ ಮುಂಚೆ ಹೊರಗೆ ಬಂದರೆ ತಿರಸ್ಕರಿಸುತ್ತಾರೆ. ಕಾದೆ. ಅಷ್ಟರಲ್ಲಿ ನನಗೆ ನರಸೀಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ದಿನಾ ನಂಜನಗೂಡಿನಿಂದ ಓಡಾಟ. ವರ್ಷ ಕಳೆದ ಮೇಲೆ ಪ್ರಬಂಧ ಅಚ್ಚಾಯಿತೆಂದು ಗೊತ್ತಾಯಿತು. ಮೊಬೈಲಿನಲ್ಲಿ ತೆರೆದು ನೋಡಿದರೆ ಮೊದಲ ಪ್ಯಾರಾ ಮಾತ್ರ ಕಂಡಿತು. ಉಳಿದದ್ದನ್ನು ಓದಬೇಕಾದರೆ ಡಾಲರ್ ಕಟ್ಟಬೇಕಂತೆ. ಸರ್ಕಾರದ ದುಡ್ಡು, ನಮ್ಮೂರ ಹುಳು, ಅಕ್ಕನ ಕೈಬರಹ, ನನ್ನ ಟೈಪಿಂಗು. ಬಾಗಿಲಿಗೆ ಬೀಗ ಯಾರದೋ. ವಿಜ್ಞಾನಿಗೆ ಬರೆದೆ. ತಮ್ಮ ಹತ್ತಿರವಿದ್ದ ಪ್ರತಿಯನ್ನು ಕಳಿಸಿದರು, ಹಂಚಬೇಡ, ಹಕ್ಕು ಪತ್ರಿಕೆಯದು ಎಂದೂ ಬರೆದರು. ನಾನು ಕೆಲಸ, ಮನೆ ಎಂದು ಅದನ್ನು ಹಾಗೇ ಇಟ್ಟುಕೊಂಡು ಮೂರು ತಿಂಗಳು ಕಳೆದೆ.

ಏಪ್ರಿಲ್‌ನ ಒಂದು ಬೆಳಿಗ್ಗೆ ಅಕ್ಕನ ಫೋನು ಬಂತು. ಕ್ಲಾಸಿಗೆ ಹೊರಟು ನಿಂತಿದ್ದೆ.

“ತಗಡೂರ್ನಲ್ಲಿ ಆ ಮೂಲೆಮನೆಯವ್ರದು ಬೆಳೆ ಪೂರಾ ಓಯ್ತಂತೆ ಕಣವ್ವ. ನಾಕ್ ದಿನದಿಂದ ಮೋಡ ಹಾಕ್ಕಂಡು ಗಾಳೀನೇ ಇಲ್ವಲ್ಲ, ಗೋಣಿ ನೆನ್ಸಿ ನೆನ್ಸಿ ಕಟ್ಟವ್ರೆ.”

ತಗಡೂರಿನ ಆ ಮನೆ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಯೋಜನೆಯ ಪಟ್ಟಿಯಲ್ಲಿದ್ದ ಮನೆ. ಗಂಡ ಹೆಂಡತಿ ಇಬ್ಬರೂ ಹುಳುವಿನ ಕೆಲಸದಲ್ಲಿ ಕೈ ಪಳಗಿದವರು. ಮೊದಲ ವರ್ಷ ಬಿಸಿಲು ಜಾಸ್ತಿಯಾದಾಗ ಏನು ಮಾಡುವುದು ಎಂದು ಅವರು ಕೇಳಿದ್ದಾಗ, ಹಳೆಯ ಕರಪತ್ರ ತೋರಿಸಿ ಗೋಣಿ ನೆನೆಸಿ ಕಟ್ಟಿ ಎಂದು ಹೇಳಿಕೊಟ್ಟವಳು ನಾನೇ. ಬೇರೆ ಯಾರೂ ಅಲ್ಲ.

ಕಾಲೇಜಿಗೆ ರಜೆ ಹೇಳಿ ತಗಡೂರಿಗೆ ಹೋದೆ. ಹುಳುಮನೆಯ ಹಿಂದೆ ಗುಂಡಿ ತೆಗೆದು, ಸತ್ತ ಹುಳುವನ್ನು ಸೊಪ್ಪಿನ ಸಮೇತ ಸುರಿದು, ಮೇಲೆ ಬ್ಲೀಚಿಂಗ್ ಪುಡಿ ಚೆಲ್ಲುತ್ತಿದ್ದರು. ಇನ್ನೆರಡು ದಿನ ಕಳೆದಿದ್ದರೆ ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರು ತಟ್ಟಿಗೆ ಏರಿ ಗೂಡು ಕಟ್ಟುವ ಹುಳು. ಆ ವಾಸನೆ ಕೊಳೆತ ಹಿಟ್ಟಿನ ಹಾಗೆ. ಹೆಂಡತಿ ನನ್ನನ್ನು ಕಂಡರೂ ತಟ್ಟೆಗಳನ್ನು ತಿಕ್ಕಿ ತೊಳೆಯುವುದನ್ನು ನಿಲ್ಲಿಸಲಿಲ್ಲ. ಹಣೆಯ ವಿಭೂತಿಯೆಲ್ಲ ಬೆವರಿಗೆ ಇಳಿದಿದ್ದ ಗಂಡ ಸಲಿಕೆ ಊರಿಕೊಂಡು ನಿಂತು, ಬನ್ನಿ ಮೇಡಂ, ಕೂತ್ಕಳಿ ಅಂದ. ನನಗೆ ಕೂರಲಾಗಲಿಲ್ಲ. ನಿಂತೇ ಹೇಳಿದೆ. ಇಂಥ ಸೆಕೆಯ ದಿನ ಗೋಣಿ ಕಟ್ಟಬಾರದು ಎಂದು ನಮ್ಮ ಸಂಶೋಧನೆಯಲ್ಲಿ ಗೊತ್ತಾಗಿದೆ, ನಿಮ್ಮ ಮನೆಯ ಅಂಕಿಯೂ ಅದರಲ್ಲಿದೆ ಎಂದು ಹೇಳಿದೆ.

ಅವನು ಸಲಿಕೆಯನ್ನು ಕೆಳಗಿಟ್ಟ.

“ಯಾವಾಗ ಗೊತ್ತಾಯ್ತು ಮೇಡಂ?”

ಒಂದೂವರೆ ವರ್ಷ ಆಯಿತು ಅಂದೆ.

“ಅಂಗಾದ್ರೆ ನಮ್ಗೆ ಯಾಕ್ ಯೋಳ್ನಿಲ್ಲ?”

ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಪ್ರಬಂಧ, ಪತ್ರಿಕೆ, ಹಕ್ಕು ಎಂದು ನಾನು ಏನೇನೋ ತೊದಲಿದೆ. ಅವನು ಕೇಳಿಸಿಕೊಂಡ, ಆಮೇಲೆ ಸಲಿಕೆ ಎತ್ತಿಕೊಂಡು ಮಣ್ಣು ಎಳೆಯತೊಡಗಿದ.

ಅವತ್ತು ಸಂಜೆಯೇ ಕೂತು ಕನ್ನಡದಲ್ಲಿ ಎರಡು ಪುಟ ಬರೆದೆ. ಯಾರ ಹಕ್ಕು ಏನಾದರೂ ಆಗಲಿ ಎಂದು ಬರೆದೆ. ವಿಜ್ಞಾನಿಗೂ ಕಳಿಸಿದೆ. ಅವರು ಮರುದಿನವೇ ಫೋನ್ ಮಾಡಿ, ನಿನ್ನದೇ ಮಾತಿನಲ್ಲಿ ಬರೆದದ್ದಕ್ಕೆ ಯಾರ ತಕರಾರೂ ಇರುವುದಿಲ್ಲ, ಇದನ್ನು ಮೊದಲೇ ಹೇಳಬೇಕಿತ್ತು ಅಂದರು. ಮೊದಲೇ ಹೇಳಬೇಕಿತ್ತು! ನನಗೆ ಫೋನ್ ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ತಿಳಿಯಲಿಲ್ಲ.

ಎರಡು ಪುಟ ಹಿಡಿದುಕೊಂಡು ರೈತರಿಗೆ ರೇಷ್ಮೆಯ ಸಲಹೆ ಕೊಡುವ ನರಸೀಪುರದ ಒಂದು ಸರ್ಕಾರಿ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿಗೆ ನೂರಾರು ರೈತರ ಮೊಬೈಲ್ ನಂಬರು ಗೊತ್ತು. ಅವರು ಒಂದು ಸಂದೇಶ ಕಳಿಸಿದರೆ ಎರಡು ತಾಲ್ಲೂಕಿಗೂ ತಲುಪುತ್ತದೆ. ಅಧಿಕಾರಿ ಓದಿದರು. ನಿಜಕ್ಕೂ ಓದಿದರು, ಎರಡು ಪ್ರಶ್ನೆಯನ್ನೂ ಕೇಳಿದರು. ಆಮೇಲೆ ಹಾಳೆಯನ್ನು ಮೇಜಿನ ಮೇಲಿಟ್ಟು ಹೇಳಿದರು.

“ಒಳ್ಳೆ ಕೆಲ್ಸ ಮೇಡಂ. ಆದ್ರೆ ನಮ್ ಕರಪತ್ರದಲ್ಲಿ ಗೋಣಿ ಕಟ್ಟಿ ಅಂತಿದೆ. ನೀವು ಕಟ್ಟಬೇಡಿ ಅಂತೀರಿ. ಮೇಲಿಂದ ಅನುಮೋದನೆ ಇಲ್ದೆ ನಾನು ಇದನ್ನ ಕಳಿಸಕ್ಕಾಗಲ್ಲ. ಒಂದು ಅರ್ಜಿ ಬರೆದು, ಪ್ರಬಂಧದ ಪ್ರತಿ ಇಟ್ಟು ಕೊಡಿ. ನಾನೇ ಮುಂದಕ್ಕೆ ಹಾಕ್ತೀನಿ.”

ಕೊಟ್ಟೆ. ಅವರು ಮುಂದಕ್ಕೆ ಹಾಕಿದರು. ಮುಂದಿನವರು ಅದರ ಮುಂದಿನವರಿಗೆ. ಎರಡು ತಿಂಗಳ ಮೇಲೆ ಬಂದ ಉತ್ತರದಲ್ಲಿ, ಇಂಥ ವಿಷಯಗಳನ್ನು ಸಂಶೋಧನೆ ನಡೆಸಿದ ಸಂಸ್ಥೆಯೇ ಅಧಿಕೃತವಾಗಿ ಕನ್ನಡದಲ್ಲಿ ಕೊಡತಕ್ಕದ್ದು ಎಂದಿತ್ತು. ಸಂಸ್ಥೆಗೆ ಹೋದೆ, ಅಂದರೆ ಪತ್ರ ಬರೆದೆ. ಅಲ್ಲಿ ಜನಸಂಪರ್ಕಕ್ಕೆಂದು ಹೊಸದಾಗಿ ಒಂದು ಘಟಕ ಆಗಿತ್ತಂತೆ. ಬೇಗನೇ ಒಂದು ಕನ್ನಡ ಪುಸ್ತಿಕೆ ಬಂತು, ಬಣ್ಣದ್ದು.

ಅದನ್ನು ತೆಗೆದುಕೊಂಡು ಹೆಮ್ಮರಗಾಲಕ್ಕೆ ಹೋದೆ. ಅಕ್ಕ ಹುಳುಮನೆಯ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದತೊಡಗಿದಳು. ಎರಡನೇ ಸಾಲಿಗೇ ನಿಂತಳು.

“ಅಲ್ಲುಜ್ಜುವ ದಿನವನ್ನು ಹವಾಮಾನ ನೋಡಿ ನಿರ್ಧರಿಸಿ. ಇದೇನವ್ವ ಇದು, ಯಾರ್ ಅಲ್ಲುಜ್ಬೇಕು?”

ಕಂಪ್ಯೂಟರಿನಿಂದ ಅನುವಾದ ಮಾಡಿಸಿ ಹಾಗೇ ಅಚ್ಚು ಹಾಕಿದ್ದರು. ಮೊಟ್ಟೆಯೊಡೆದ ಮರಿಹುಳುವನ್ನು ಹಾಳೆಯಿಂದ ತಟ್ಟೆಗೆ ಇಳಿಸುವುದಕ್ಕೆ ಇಂಗ್ಲಿಷಿನಲ್ಲಿ ಬ್ರಷಿಂಗ್ ಎನ್ನುತ್ತಾರೆ. ಅದು ಹಲ್ಲುಜ್ಜುವುದಾಗಿತ್ತು. ಹುಳುವಿನ ಕೆಳಗಿನ ಸೊಪ್ಪಿನ ಹಾಸು ಮನುಷ್ಯರು ಮಲಗುವ ಹಾಸಿಗೆಯಾಗಿತ್ತು, ಅದನ್ನು ಒಣಗಿಸಲು ಹೇಳಿದ್ದರು. ಗೋಣಿಯ ವಿಷಯವಿದ್ದ ವಾಕ್ಯವನ್ನು ಮೂರು ಸಲ ಓದಿದೆ, ಕಟ್ಟಬೇಕೋ ಬೇಡವೋ ನನಗೇ ತಿಳಿಯಲಿಲ್ಲ. ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನನಗೂ ನಗು ಬಂತು, ಆದರೆ ಆ ಪುಸ್ತಿಕೆಯ ಹಿಂಬದಿಯಲ್ಲಿ ಸಂಶೋಧನೆಯ ಫಲ ರೈತರಿಗೆ ತಲುಪಿದೆ ಎಂಬ ಅರ್ಥದ ಸಾಲು ಓದಿದ ಮೇಲೆ ನಗು ನಿಂತುಹೋಯಿತು. ಅವರ ಪಾಲಿಗೆ ಆ ಕೆಲಸ ಮುಗಿದಿತ್ತು.

ನಗು ಮುಗಿಸಿದ ಅಕ್ಕ, ನೀನು ಬರೆದದ್ದನ್ನು ಕೊಡು ನೋಡೋಣ ಅಂದಳು. ನನ್ನ ಎರಡು ಪುಟ ಕೊಟ್ಟೆ. ಅದರ ಮೇಲೂ ಅವಳ ಪೆನ್ನು ಓಡಿತು. ಆರ್ದ್ರತೆ ಎಂದು ಬರೆದಿದ್ದೆ. ಇದು ಯಾರಿಗೆ ತಿಳೀತದೆ, ತೇವ ಅನ್ನು ಅಂದಳು. ವಾಯುಸಂಚಾರ ಎಂದಿದ್ದಲ್ಲಿ ಎದುರು ಬದುರು ಕಿಟಕಿ ತೆಗೆಯಿರಿ ಎಂದಾಯಿತು. ಯಾವ ದಿನ ಗೋಣಿ ಕಟ್ಟಬಾರದು ಎಂದು ಹೇಳುವುದಕ್ಕೆ ನಾನು ಮೀಟ್ರಿನ ಅಂಕಿ ಬರೆದಿದ್ದೆ. ಮೀಟ್ರೆಲ್ಲ ನೀವೇ ಹೊತ್ಕೊಂಡು ಹೋದಿರಲ್ಲ, ಈಗ ಯಾರ ಮನೇಲಿದೆ ಎಂದು ಕೇಳಿದಳು. ಅಂಕಿಯನ್ನು ಹೊಡೆದುಹಾಕಿದೆ. ಅವಳೇ ಬರೆಸಿದಳು. ನೆನೆಸಿ ಕಟ್ಟಿದ ಗೋಣಿ ಒಂದು ಹೊತ್ತು ಕಳೆದರೂ ಆರದೆ ಹಾಗೇ ಇದ್ದರೆ ಅವತ್ತು ಗೋಣಿ ಬೇಡ, ಬಿಚ್ಚಿಹಾಕಿ. ಹಾಸಿನ ಮೇಲೆ ಸುಣ್ಣದ ಪುಡಿ ತೆಳ್ಳಗೆ ಉದುರಿಸಿ. ಹುಳುವನ್ನು ಅಗಲ ಮಾಡಿ. ಒದ್ದೆ ಸೊಪ್ಪು ಹಾಕಬೇಡಿ. ಮೂರು ವರ್ಷದ ಸಂಶೋಧನೆ ಒಂದು ಪುಟಕ್ಕೆ ಇಳಿಯಿತು. ಓದಲು ಎರಡು ನಿಮಿಷ ಸಾಕು.

ಊರಿನ ಹಾಲಿನ ಡೈರಿಯ ಹತ್ತಿರ ಸಂಜೆ ಎಲ್ಲರೂ ಸೇರುತ್ತಾರೆ. ಹಾಲು ಅಳೆಯುವವನನ್ನು ಕೇಳಿ, ಸಾಲು ನಿಂತಿದ್ದವರ ಮುಂದೆ ಅಕ್ಕ ತಾನೇ ನಿಂತು ಓದಿದಳು. ನಾನು ಪಕ್ಕದಲ್ಲಿ ಜೆರಾಕ್ಸ್ ಕಟ್ಟು ಹಿಡಿದು ನಿಂತಿದ್ದೆ. ಅರ್ಧ ಜನ ಕೇಳಿದರು, ಅರ್ಧ ಜನ ಕ್ಯಾನು ಸರಿಸುವುದರಲ್ಲಿದ್ದರು. ಒಬ್ಬ ಹಾಳೆ ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಯಾವ ಆಫೀಸಿನ ಸೀಲೂ ಇಲ್ಲವಲ್ಲ, ಹೇಗೆ ನಂಬೋದು ಅಂದ. ಅಕ್ಕ ಅವನಿಗೆ ಹೇಳಿದ್ದು ಇಷ್ಟೇ.

“ಸೀಲ್ ಇರೋ ಕಾಗ್ದ ನಂಬಿ ತಗಡೂರ್ನೋರು ಗುಂಡಿ ತೋಡುದ್ರು. ನನ್ ಉಳ ನೋಡೋಗು ಬಾ.”

ಮೂರು ನಾಲ್ಕು ಜನ ಅವತ್ತೇ ಅವಳ ಹಿಂದೆ ಹೋಗಿ ನೋಡಿದರು.

ಮುಂದಿನ ಭಾನುವಾರ ತಗಡೂರಿನ ಆ ಮನೆಗೆ ಇಬ್ಬರೂ ಹೋದೆವು. ನನ್ನ ಕೈಯಿಂದ ಹಾಳೆ ತೆಗೆದುಕೊಂಡ ಹೆಂಡತಿ ಅದನ್ನು ಓದಿ, ಹುಳುಮನೆಯ ಬಾಗಿಲ ಹಿಂದೆ ಅಂಟಿಸಿದಳು. ಕಾಫಿ ಕೊಟ್ಟಳು. ಆ ಸಲದ ಬೆಳೆ ಉಳಿಯಿತು ಎಂದು ಆಮೇಲೆ ಅಕ್ಕನಿಂದ ತಿಳಿಯಿತು.

ಹೀಗೆ ಭಾನುವಾರಗಳಲ್ಲಿ ಕಳಲೆಗೆ ಹೋದೆವು, ನರಸೀಪುರದ ಕಡೆಯ ಹೊಳೆದಂಡೆಯ ಹಳ್ಳಿಗಳಿಗೂ ಹೋದೆವು. ಕೆಲವು ಕಡೆ ಹತ್ತು ಜನ ಸೇರಿದರು, ಕೆಲವು ಕಡೆ ಇಬ್ಬರು. ಒಂದೂರಿನಲ್ಲಿ ನಮ್ಮನ್ನು ಔಷಧಿ ಮಾರುವವರೆಂದು ತಿಳಿದು ನಾಯಿ ಬಿಚ್ಚಿದರು. ಸ್ಕೂಟರಿನ ಹಿಂದೆ ಕೂತ ಅಕ್ಕನಿಗೆ ಬೆನ್ನು ನೋವು ಶುರುವಾಯಿತು. ಇಬ್ಬರು ಹೆಂಗಸರು ಭಾನುವಾರ ಸುತ್ತಿ ಎಷ್ಟು ಊರು ಮುಟ್ಟಬಹುದು? ಒಂದು ಸಂದೇಶ ಸಾಕಿತ್ತು. ಕಚೇರಿಯಲ್ಲಿ ಈಗಲೂ ಹಳೆಯ ಕರಪತ್ರವೇ ಹಂಚುತ್ತಿದ್ದಾರೆ. ಅಲ್ಲಿನ ಅಧಿಕಾರಿ ದಾರಿಯಲ್ಲಿ ಸಿಕ್ಕಾಗಲೆಲ್ಲ, ಫೈಲು ಮೂವ್ ಆಗ್ತಿದೆ ಮೇಡಂ ಅನ್ನುತ್ತಾರೆ. ಪಾಪ, ಅವರ ಮನೆಯವರ ಹುಳುಮನೆಯಲ್ಲಿ ನಮ್ಮ ಹಾಳೆಯೇ ಇದೆಯಂತೆ, ಅವರೇ ಹೇಳಿದರು.

ಕಳೆದ ತಿಂಗಳು ಹೊಳೆಯಾಚೆಯ ಒಂದು ಹಳ್ಳಿಯಲ್ಲಿ ಹೆಂಗಸರ ಸಂಘದ ಕಟ್ಟೆಯ ಮೇಲೆ ಓದುತ್ತಿದ್ದೆವು. ಅಕ್ಕನಿಗಿಂತ ಹಿರಿಯಳಾದ ಒಬ್ಬ ಹೆಂಗಸು ಕೊನೆಯವರೆಗೂ ಕೇಳಿ, ಕೈಯೆತ್ತಿದಳು.

“ನೀವ್ ಯೋಳಿದ್ದೆಲ್ಲ ಶೀಟಿನ್ ಮನೇದು. ನಮ್ದು ಎಂಚಿನ್ ಮನೆ, ಸಂದೀಲಿ ಗಾಳಿ ಬತ್ತದೆ. ನಮ್ಗೂ ಇಂಗೇನಾ?”

ಯೋಜನೆಯಲ್ಲಿ ಹೆಂಚಿನ ಮನೆಗಳೂ ಇದ್ದವು. ಅವುಗಳ ಗೋಡೆಗೂ ನಾನೇ ಮೀಟ್ರು ತಗುಲಿಹಾಕಿದ್ದೆ, ಅಂಕಿಗಳನ್ನು ನಾನೇ ತುಂಬಿದ್ದೆ. ಆದರೆ ಪ್ರಬಂಧದಲ್ಲಿ ಎಲ್ಲ ಮನೆಗಳನ್ನೂ ಕೂಡಿಸಿ ಒಟ್ಟು ಮಾತು ಹೇಳಿದ್ದರು. ಹೆಂಚಿನ ಮನೆಯದು ಬೇರೆಯಾಗಿ ತೆಗೆದು ನೋಡಿದರೆ ಅವಳ ಪ್ರಶ್ನೆಗೆ ಉತ್ತರ ಒಂದು ಮಧ್ಯಾಹ್ನದ ಕೆಲಸ. ಗೊತ್ತಿಲ್ಲಮ್ಮ, ಕೇಳಿ ಹೇಳ್ತೀನಿ ಅಂದೆ. ಅಳೆದಿದ್ದಾರಾ ಅಂದಳು. ಅಳೆದಿದ್ದಾರೆ ಅಂದೆ. ಅವಳಿಗೆ ಅದು ಅರ್ಥವಾಗಲಿಲ್ಲ. ಅಳೆದಿದ್ದರೆ ಗೊತ್ತಿರಬೇಕಲ್ಲ ಎಂದು ಪಕ್ಕದವಳಿಗೆ ಹೇಳಿದಳು.

ಸಂಸ್ಥೆಗೆ ಬರೆದು ಮೂಲ ಅಂಕಿಗಳನ್ನು ಕೇಳಿದೆ. ನನಗೆ ಗೊತ್ತಿದ್ದ ವಿಜ್ಞಾನಿ ನಿವೃತ್ತರಾಗಿದ್ದಾರೆ. ಹೊಸಬರ ಉತ್ತರ ಸೌಜನ್ಯದಿಂದಲೇ ಬಂತು. ದತ್ತಾಂಶ ಬೇಕಾದವರು ನಿಗದಿತ ನಮೂನೆಯಲ್ಲಿ, ಯಾವುದಾದರೂ ಮಾನ್ಯತೆ ಪಡೆದ ಸಂಸ್ಥೆಯ ಮೂಲಕ ಅರ್ಜಿ ಹಾಕಬೇಕು, ಬಿಡಿ ವ್ಯಕ್ತಿಗಳಿಗೆ ಕೊಡುವ ಪದ್ಧತಿಯಿಲ್ಲ. ಆ ಅಂಕಿಗಳೆಲ್ಲ ಈ ಬೆರಳುಗಳಿಂದಲೇ ಟೈಪಾದವು ಎಂದು ತಿರುಗಿ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ನನ್ನ ಹತ್ತಿರವಿದ್ದ ಪ್ರತಿಗಳನ್ನು ಯೋಜನೆ ಮುಗಿದ ದಿನ ಅಳಿಸಿಹಾಕಿ, ಅಳಿಸಿದ್ದೇನೆಂದು ಸಹಿ ಹಾಕಿಕೊಟ್ಟಿದ್ದೆ. ನಿಯಮ ಹಾಗಿತ್ತು, ನಾನು ನಿಯಮ ಪಾಲಿಸಿದೆ.

ಈಗ ನಮ್ಮ ಕಾಲೇಜಿನ ಪ್ರಾಂಶುಪಾಲರನ್ನು ಹಿಡಿದಿದ್ದೇನೆ. ಕಾಲೇಜಿನ ಹೆಸರಿನ ಕಾಗದದಲ್ಲಿ ಒಂದು ಅರ್ಜಿ ಹಾಕಿಸಿ ಎಂದು ಕೇಳಿದ್ದೇನೆ. ನೀವು ಅತಿಥಿ ಉಪನ್ಯಾಸಕಿ, ನಿಮ್ಮ ಹೆಸರಲ್ಲಿ ಹೇಗೆ ಹಾಕೋದು ಎಂದು ಅವರು ಯೋಚಿಸುತ್ತಿದ್ದಾರೆ. ಹೊಳೆಯಾಚೆಯ ಆ ಹೆಂಗಸು ಎರಡು ಸಲ ಫೋನ್ ಮಾಡಿ ಕೇಳಿದಳು. ಎರಡು ಸಲವೂ ಇನ್ನೂ ಬಂದಿಲ್ಲಮ್ಮ ಅಂದೆ. ಮೂರನೇ ಸಲ ಫೋನ್ ಮಾಡಿದಾಗ ಅವಳು ಕೇಳಲಿಲ್ಲ. ಸಾಕಲು ಚಾಕಿ ಮರಿಹುಳು ತಂದಾಗಿದೆ, ಇನ್ನು ಕಾಯಲಾಗುವುದಿಲ್ಲ, ಅರ್ಧ ಮನೆಗೆ ಗೋಣಿ ಕಟ್ಟಿ ಅರ್ಧ ಬಿಟ್ಟು ನೋಡುತ್ತೇನೆ ಎಂದು ಹೇಳಿ ಫೋನಿಟ್ಟಳು.